ಕಾಲೋನಿ ಅಂದರೆ ಯಾರ ಊರು?

ಇಂಗ್ಲಿಷಿನ ಒಂದಕ್ಷರ ಬಾರದ ನಮ್ಮ ಅವ್ವಂದಿರಿಗೂ ಕೆಲವು ಇಂಗ್ಲಿಷ್ ಪದಗಳು ಗೊತ್ತು. ಬಸ್ಸು, ರೇಷನ್ನು, ಲೋನು, ಪೊಲೀಸು, ಕೋರ್ಟು. ಇವುಗಳ ಜತೆಗೆ ಇನ್ನೊಂದಿದೆ. ನಾವು ಹುಟ್ಟುವ ಮೊದಲೇ ನಮ್ಮ ವಿಳಾಸದಲ್ಲಿ ಬಂದು ಕೂತ ಪದ ಅದು. ಕಾಲೋನಿ.

ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಗಳಲ್ಲಿ ಬಸ್ಸಿಳಿದು ದಾರಿ ಕೇಳಿ ನೋಡಿ. ‘ಊರು ಈ ಕಡೆ, ಕಾಲೋನಿ ಆ ಕಡೆ’ ಅಂತ ಕೈ ತೋರಿಸುತ್ತಾರೆ. ಅಂದರೆ ಕಾಲೋನಿ ಊರಲ್ಲ. ಹಿಂದೆ ಇದೇ ಜಾಗವನ್ನು ಹೊಲಗೇರಿ ಅಂತಿದ್ದರು, ಹಟ್ಟಿ ಅಂತಿದ್ದರು. ಆಮೇಲೆ ಹರಿಜನ ಕೇರಿ ಅಂದರು. ಸರ್ಕಾರದ ಜನತಾ ಮನೆಗಳು ಬಂದ ಮೇಲೆ ಜನತಾ ಕಾಲೋನಿ ಆಯಿತು, ಎ.ಕೆ. ಕಾಲೋನಿ ಆಯಿತು. ಬೋರ್ಡು ಬದಲಾಗುತ್ತಾ ಬಂತು, ಬೋರ್ಡು ನೆಟ್ಟ ಜಾಗ ಮಾತ್ರ ಬದಲಾಗಲಿಲ್ಲ.

ಈ ಪದದ ಹುಟ್ಟು ಕೇಳಿದರೆ ನಗು ಬರುತ್ತದೆ, ಸಿಟ್ಟೂ ಬರುತ್ತದೆ. ಲ್ಯಾಟಿನ್ ಭಾಷೆಯಲ್ಲಿ ‘ಕೊಲೋನಸ್’ ಅಂದರೆ ಉಳುವವನು. ಅವನು ನೆಲ ಪಡೆದು ನೆಲೆ ನಿಂತ ಜಾಗ ‘ಕೊಲೋನಿಯಾ’. ರೋಮನ್ನರು ದಂಡಿನ ಕೆಲಸ ಮುಗಿಸಿದ ಸೈನಿಕರಿಗೆ ಗೆದ್ದ ನಾಡಿನಲ್ಲಿ ಭೂಮಿ ಹಂಚಿ ಇಂಥ ಊರುಗಳನ್ನು ಕಟ್ಟಿದರು. ಜರ್ಮನಿಯ ಕಲೋನ್ ಪಟ್ಟಣದ ಹೆಸರು ಈ ಪದದಿಂದಲೇ ಬಂದದ್ದು. ಮೇಲುಜಾತಿಯವರು ಎದೆಯುಬ್ಬಿಸಿ ಹೇಳುವ ‘ಕಲ್ಚರ್’ ಕೂಡ ಇದೇ ಬೇರಿನ ಪದ. ಅದರ ಮೂಲ ಅರ್ಥ ಸಾಗುವಳಿ. ಮುಂದೆ ಯುರೋಪಿನವರು ಹಡಗು ಹತ್ತಿದಾಗ ಪದಕ್ಕೆ ಇನ್ನೊಂದು ಅರ್ಥ ಕೂಡಿಕೊಂಡಿತು. ಹೊರಗಿನವನು ಬಂದು ಒಳಗಿನವನ ನೆಲ ಕಿತ್ತುಕೊಂಡು ಆಳುವ ನಾಡು. ಇಸ್ಕೂಲಿನ ಚರಿತ್ರೆ ಪುಸ್ತಕ ಇದನ್ನು ‘ವಸಾಹತು’ ಅನ್ನುತ್ತದೆ. ಇರುವೆಗಳ ಗುಂಪಿಗೂ ಕಾಲೋನಿ ಅಂತಾರೆ. ಕುಷ್ಠರೋಗಿಗಳನ್ನು ಊರಾಚೆ ಇಟ್ಟ ಜಾಗಕ್ಕೂ ಕಾಲೋನಿ ಅಂದರು.

ಪಟ್ಟಣಕ್ಕೆ ಬಂದರೆ ಬೇರೆ ಕಥೆ. ರೈಲ್ವೆಯವರು, ಕರೆಂಟ್ ಆಫೀಸಿನವರು, ಕಾರ್ಖಾನೆಯವರು ನೌಕರರಿಗೆ ಕಟ್ಟಿಸಿಕೊಟ್ಟಿದ್ದೂ ಕಾಲೋನಿಯೇ. ಅಲ್ಲಿ ಕಾಲೋನಿ ಅಂದರೆ ನಲ್ಲಿ, ರಸ್ತೆ, ತಿಂಗಳ ಸಂಬಳ. ಆ ಕಾಲೋನಿಯವರಿಗೆ ಹೆಣ್ಣು ಕೊಡಲು ಸಾಲು ನಿಲ್ಲುತ್ತಾರೆ. ತುಮಕೂರಿನಲ್ಲಿ ಅಶೋಕನಗರ ಇದೆ, ಸೋಮೇಶ್ವರಪುರಂ ಇದೆ, ಎಸ್.ಐ.ಟಿ. ಬಡಾವಣೆ ಇದೆ. ದುಡ್ಡಿದ್ದವರು ಹೊಸದಾಗಿ ಸೈಟು ಮಾಡಿದರೆ ಅದು ‘ಲೇಔಟು’. ಬಡವರ ಸೈಟು ಮಾತ್ರ ಕಾಲೋನಿ. ನಾನು ಬಿ.ಎ.ಗೆ ಓದಿದ ನಿಘಂಟಿನಲ್ಲಿ ಈ ಅರ್ಥ ಇರಲಿಲ್ಲ. ಅವ್ವನನ್ನೇ ಕೇಳಿದೆ, ‘ಕಾಲೋನಿ ಅಂದ್ರೆ ಏನವ್ವಾ?’ ಅಂತ. ‘ಕರೆಂಟು ಕೊನೇಗೆ ಬಂದು ಮೊದ್ಲು ಹೋಗೋ ಜಾಗ ಕಣಪ್ಪಾ’ ಅಂದಳು.

ತುಮಕೂರಿಗೆ ಓದಲು ಬಂದ ಮೊದಲ ವರ್ಷ ಬಾಡಿಗೆ ರೂಮು ಹುಡುಕಿಕೊಂಡು ಹೋಗಿದ್ದೆ. ಮನೆಯಾಕೆ ಬಿಸಿಲಲ್ಲಿ ಬಂದವನು ಅಂತ ನೀರು ಕೊಟ್ಟರು.

‘ಯಾವೂರಪ್ಪಾ?’
‘ಗುಬ್ಬಿ ತಾಲ್ಲೂಕು ಅಮ್ಮಾ.’
‘ಹೌದಾ! ನಮ್ ತಂಗೀನೂ ಆ ಕಡೇಗೇ ಕೊಟ್ಟಿರೋದು. ಊರಲ್ಲಿ ನಿಮ್ಮನೆ ಎಲ್ಲಾಯ್ತು?’
‘ಕಾಲೋನಿ ಅಮ್ಮಾ.’

ಅಷ್ಟೇ. ಅವರು ಜಾತಿ ಕೇಳಲಿಲ್ಲ, ನಾನು ಹೇಳಲಿಲ್ಲ. ‘ರೂಮಿಗೆ ನಮ್ಮಣ್ಣನ ಮಗ ಬರ್ತೀನಿ ಅಂದಿದ್ದ ಕಣಪ್ಪಾ, ಮರ್ತೇಬಿಟ್ಟಿದ್ದೆ’ ಅಂದರು. ನಾನು ಕುಡಿದಿಟ್ಟ ಲೋಟ ಜಗುಲಿ ಮೇಲಿತ್ತು. ನಾನು ಗೇಟು ದಾಟುವವರೆಗೂ ಅದನ್ನು ಯಾರೂ ಮುಟ್ಟಲಿಲ್ಲ.

ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿದೆ. ಜಾತಿ ಹೆಸರು ಹಿಡಿದು ಬೈದವನ ಮೇಲೆ 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಕೇಸು ಹಾಕಬಹುದು. ಆದರೆ ‘ಅವ್ರು ಕಾಲೋನಿಯೋರು’ ಅಂದವನ ಮೇಲೆ ಯಾವ ಕೇಸು ಹಾಕೋದು? ಬೈಗುಳದ ಕೆಲಸವೂ ಆಯಿತು, ಬೈದ ಸಾಕ್ಷಿಯೂ ಉಳಿಯಲಿಲ್ಲ.

ಇನ್ನು ಆ ‘ಎ.ಕೆ.’ ಅನ್ನುವ ಎರಡಕ್ಷರ ನೋಡಿ. ಆದಿ ಕರ್ನಾಟಕ. ಹಳೆಯ ಹೀನಾಯದ ಹೆಸರುಗಳು ಬೇಡವೆಂದು ಮೈಸೂರು ಸಂಸ್ಥಾನದ ಕಾಲದಲ್ಲಿ, 1920-30ರ ದಶಕಗಳಲ್ಲಿ, ಚಾಲ್ತಿಗೆ ಬಂದ ಹೆಸರು. ಈ ನೆಲಕ್ಕೆ ಮೊದಲಿಗರು ನಾವು ಅನ್ನುವ ಹೆಮ್ಮೆ ಅದರಲ್ಲಿದೆ. ಅದರ ಪಕ್ಕಕ್ಕೇ ಕಾಲೋನಿ! ಮೊದಲಿನಿಂದ ಇದ್ದವನೂ ಹೊರಗಿಂದ ಬಂದು ನೆಲೆಸಿದವನೂ ಒಂದೇ ಬೋರ್ಡಿನಲ್ಲಿ. ಉಳುವವನ ಊರು ಅನ್ನುವ ಪದ ಸಿಕ್ಕಿದ್ದು ಜೀವಮಾನವೆಲ್ಲ ಇನ್ನೊಬ್ಬರ ಹೊಲ ಉತ್ತವರಿಗೆ. ಹೆಸರು ಕೊಟ್ಟರು, ನೆಲ ಕೊಡಲಿಲ್ಲ.

ಪಕ್ಕದ ರಾಜ್ಯಗಳು ಈಗ ಎಚ್ಚೆತ್ತಿವೆ. ಕೇರಳ ಸರ್ಕಾರ 2024ರ ಜೂನ್‌ನಲ್ಲಿ ಪರಿಶಿಷ್ಟರ ವಾಸಸ್ಥಳಗಳನ್ನು ಕಾಲೋನಿ ಅನ್ನಬಾರದು ಎಂದು ಆದೇಶ ಹೊರಡಿಸಿತು. ತಮಿಳುನಾಡಿನ ಮುಖ್ಯಮಂತ್ರಿ ಸ್ಟಾಲಿನ್ 2025ರ ಏಪ್ರಿಲ್‌ನಲ್ಲಿ, ಈ ಪದ ಅಸ್ಪೃಶ್ಯತೆಯ ಗುರುತಾಗಿದೆ, ಸರ್ಕಾರಿ ದಾಖಲೆಗಳಿಂದ ತೆಗೆಯುತ್ತೇವೆ ಎಂದು ವಿಧಾನಸಭೆಯಲ್ಲಿ ಘೋಷಿಸಿದರು. ಅದಕ್ಕೂ ಬಹಳ ಹಿಂದೆ, 1982ರಲ್ಲಿ, ಜಾತಿ ಪತ್ರದಲ್ಲಿ ‘ಹರಿಜನ’ ಅಂತ ಬರೆಯಬೇಡಿ ಎಂದು ಕೇಂದ್ರ ಸರ್ಕಾರ ರಾಜ್ಯಗಳಿಗೆ ತಿಳಿಸಿತ್ತು.

‘ಹೆಸರು ಬದಲಾಯಿಸಿದ್ರೆ ಹೊಟ್ಟೆ ತುಂಬುತ್ತಾ?’ ಅಂತ ನಮ್ಮವರೇ ಕೆಲವರು ಕೇಳುತ್ತಾರೆ. ತುಂಬುವುದಿಲ್ಲ, ಒಪ್ಪೋಣ. ಆದರೆ ‘ಟುಮ್ಕೂರ್’ ಹೋಗಿ ‘ತುಮಕೂರು’ ಆಗಬೇಕು ಅಂದಾಗ ಹೊಟ್ಟೆ ತುಂಬುತ್ತಾ ಅಂತ ಯಾರೂ ಕೇಳಲಿಲ್ಲವಲ್ಲ. 2014ರ ನವೆಂಬರ್ 1ರಿಂದ ಸರ್ಕಾರವೇ ಹೆಸರು ತಿದ್ದಿತು. ಬಿಳಿಯ ದೊರೆಯ ಬಾಯಲ್ಲಿ ಕೆಟ್ಟ ಊರ ಹೆಸರನ್ನು ತಿದ್ದುವುದು ಅಭಿಮಾನವಾದರೆ, ಊರಗೌಡರ ಬಾಯಲ್ಲಿ ಕೆಟ್ಟ ನಮ್ಮ ವಿಳಾಸವನ್ನು ತಿದ್ದುವುದೂ ಅಭಿಮಾನವೇ.

ಹಾಗಂತ ಬೋರ್ಡಿಗೆ ಮಾತ್ರ ಬಣ್ಣ ಹೊಡೆಸಿ ಸುಮ್ಮನಾದರೆ ಮೋಸ ಹೋಗುತ್ತೇವೆ. ಎಷ್ಟೋ ಕಡೆ ಕಾಲೋನಿ ಹೋಗಿ ಅಂಬೇಡ್ಕರ್ ನಗರ ಆಗಿದೆ. ರೂಮು ಕೊಡದವರಿಗೆ ಆ ಹೆಸರು ಕೇಳಿದರೂ ಗೊತ್ತಾಗುತ್ತದೆ. ಊರಿಗೂ ಕೇರಿಗೂ ನಡುವಿನ ಗೆರೆ ಇರುವವರೆಗೆ ಯಾವ ಹೆಸರಿಟ್ಟರೂ ಅದು ಮೈಲಿಗೆಯಾಗುತ್ತದೆ.

ಬಾಬಾಸಾಹೇಬರು ಇದನ್ನು ಮೊದಲೇ ಕಂಡಿದ್ದರು. 1947ರ ‘ಸ್ಟೇಟ್ಸ್ ಅಂಡ್ ಮೈನಾರಿಟೀಸ್’ನಲ್ಲಿ ಅವರು ಪರಿಶಿಷ್ಟ ಜಾತಿಗಳಿಗೆ ಪ್ರತ್ಯೇಕ ಊರುಗಳನ್ನೇ ಕೇಳಿದರು. ಆದರೆ ಗಮನಿಸಿ, ಸರ್ಕಾರದ ಪಾಳು ಭೂಮಿಯನ್ನು ಸಾಗುವಳಿಗೆ ಕೊಟ್ಟು ಕಟ್ಟುವ ಊರುಗಳು ಅವು. ಊರಗೌಡನ ಕೂಲಿಗೆ ಕಾಯದೆ, ಅವನ ಬಹಿಷ್ಕಾರಕ್ಕೆ ಹೆದರದೆ ಬದುಕುವ ಊರುಗಳು. ನಮಗೆ ಸಿಕ್ಕಿದ್ದೇನು? ‘ಪ್ರತ್ಯೇಕ’ ಸಿಕ್ಕಿತು, ಭೂಮಿ ಸಿಗಲಿಲ್ಲ. ಅಲ್ಲಲ್ಲಿ ಮಂಜೂರಾದ ತುಂಡು ನೆಲವೂ ಕೈಬಿಟ್ಟು ಹೋಗುತ್ತಿತ್ತು ಅನ್ನುವುದಕ್ಕೆ, ಅದನ್ನು ಉಳಿಸಲು 1978ರಲ್ಲಿ ಪಿ.ಟಿ.ಸಿ.ಎಲ್. ಕಾಯ್ದೆ ತರಬೇಕಾಗಿ ಬಂದದ್ದೇ ಸಾಕ್ಷಿ.

ಆದ್ದರಿಂದ ಗೆಳೆಯರೇ, ನಮ್ಮ ಒತ್ತಾಯ ಒಂದಲ್ಲ, ಎರಡು, ಮತ್ತು ಎರಡೂ ಒಟ್ಟಿಗೇ ಆಗಬೇಕು. ಪಂಚಾಯ್ತಿ ಪುಸ್ತಕದಿಂದ, ರೇಷನ್ ಕಾರ್ಡಿನಿಂದ, ಮಕ್ಕಳ ಟಿ.ಸಿ.ಯಿಂದ ‘ಕಾಲೋನಿ’ ಹೋಗಬೇಕು. ಹೊಸ ಹೆಸರನ್ನು ವಿಧಾನಸೌಧ ಇಡುವುದು ಬೇಡ. ಗ್ರಾಮಸಭೆಯಲ್ಲಿ ಅಲ್ಲಿರುವವರೇ, ಮುಖ್ಯವಾಗಿ ನಮ್ಮ ಅವ್ವಂದಿರೇ, ಕೂತು ಇಡಲಿ. ಆ ಹೆಸರಿನ ಜತೆಗೆ ಮನೆಗೆ ಹಕ್ಕುಪತ್ರ, ದುಡಿಮೆಗೆ ನೆಲ, ಸತ್ತರೆ ಮಣ್ಣು ಮಾಡಲು ಜಾಗ, ಊರೊಳಗಿಂದಲೇ ಹಾದುಬರುವ ರಸ್ತೆ ಬರಲಿ. ಬರೀ ಹೆಸರು ಕೊಟ್ಟರೆ ಅದನ್ನು ವಾಪಸ್ಸು ಕಳಿಸೋಣ.

‘ಊರಲ್ಲಿ ನಿಮ್ಮನೆ ಎಲ್ಲಾಯ್ತು?’ ಅಂತ ಮುಂದಿನ ಸಲ ಯಾರಾದರೂ ಕೇಳಿದರೆ ನಾನು ‘ಊರಲ್ಲೇ’ ಅನ್ನುವವನಿದ್ದೇನೆ. ಇವತ್ತು ಅದು ಸುಳ್ಳು. ಅದನ್ನು ನಿಜ ಮಾಡುವ ಕೆಲಸ ನಮ್ಮೆಲ್ಲರದು.