ಬಿಟ್ಟಿ ಯಾರದು?

ರಾತ್ರಿ ಒಂಬತ್ತಾಯಿತೆಂದರೆ ನಮ್ಮ ಕೇರಿಯ ಮನೆಗಳಲ್ಲೂ ಟೀವಿ ಅರಚತೊಡಗುತ್ತದೆ. ಕೋಟು ತೊಟ್ಟ ನಾಲ್ಕು ಜನ, ನಡುವೆ ಒಬ್ಬ ನಿರೂಪಕ. ನಾಡಿನ ಹಣಕಾಸಿನ ಬಗ್ಗೆ ಚರ್ಚೆಯಂತೆ. ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುವುದಿಲ್ಲ. ಒಂದು ಮಾತು ಮಾತ್ರ ಪರದೆಯ ತುಂಬ ಕೆಂಪಕ್ಷರದಲ್ಲಿ ಕುಣಿಯುತ್ತದೆ: ಬಿಟ್ಟಿ. ಬಿಟ್ಟಿ ಅಕ್ಕಿ, ಬಿಟ್ಟಿ ಬಸ್ಸು, ಬಿಟ್ಟಿ ಕರೆಂಟು, ಬಿಟ್ಟಿ ದುಡ್ಡು. ಬಿಟ್ಟಿ ತಿಂದು ಜನ ಸೋಮಾರಿಗಳಾದರಂತೆ. ಕೂಲಿಗೆ ಆಳೇ ಸಿಗುತ್ತಿಲ್ಲವಂತೆ.

ಸ್ವಾಮಿ, ಈ ಬಿಟ್ಟಿ ಅನ್ನೋ ಮಾತಿನ ಅರ್ಥ ನಿಮಗಿಂತ ಚೆನ್ನಾಗಿ ನಮಗೆ ಗೊತ್ತು. ಕೂಲಿ ಕೊಡದೆ ಮಾಡಿಸಿಕೊಳ್ಳುವ ದುಡಿಮೆಗೆ ಬಿಟ್ಟಿ ಅಂತ ಹೆಸರು. ಊರಿನ ಸತ್ತ ದನ ಹೊತ್ತದ್ದು ಬಿಟ್ಟಿ. ಸಾವಿನ ಸುದ್ದಿ ಹೇಳಲು ಹತ್ತೂರು ನಡೆದದ್ದು ಬಿಟ್ಟಿ. ಹಬ್ಬಕ್ಕೆ ತಮಟೆ ಬಡಿದದ್ದು, ಒಡೆಯರ ಕಣ ಕಾದದ್ದು, ಸೌದೆ ಸೀಳಿ ಹಿತ್ತಿಲಿಗೆ ಹಾಕಿ ದೂರ ನಿಂತದ್ದು, ಎಲ್ಲ ಬಿಟ್ಟಿ. ಹುಟ್ಟಿನಿಂದಲೇ ಅಂಟಿಕೊಂಡ ತೋಟಿ, ತಳವಾರಿಕೆ ಹೋಗಬೇಕಾದರೆ 1961ರ ಕಾಯಿದೆ ಬೇಕಾಯಿತು. ಜೀತ ತಪ್ಪಬೇಕಾದರೆ 1976ರ ಕಾಯಿದೆ ಬೇಕಾಯಿತು. ತಲೆಮಾರುಗಳ ಆ ದುಡಿಮೆಯ ಲೆಕ್ಕವನ್ನು ಯಾವ ತಜ್ಞ ಯಾವ ಪರದೆಯ ಮೇಲೆ ಹಾಕಿದ? ಬಿಟ್ಟಿ ಮಾಡಿದವರ ಮಕ್ಕಳಿಗೇ ಇವತ್ತು ಬಿಟ್ಟಿ ತಿನ್ನೋರು ಅನ್ನುತ್ತೀರಲ್ಲ, ನಾಲಿಗೆ ತೊದಲುವುದಿಲ್ಲವೆ?

ಸರಿ, ಲೆಕ್ಕಾನೇ ಮಾತಾಡೋಣ. 2019ರ ಸೆಪ್ಟೆಂಬರ್ 20ರಂದು ಕೇಂದ್ರ ಸರ್ಕಾರ, ಬೇರೆ ವಿನಾಯಿತಿ ಬಿಟ್ಟುಕೊಡುವ ಕಂಪನಿಗಳ ತೆರಿಗೆಯನ್ನು ಶೇ. 30ರಿಂದ ಶೇ. 22ಕ್ಕೆ ಇಳಿಸಿತು. ಅಂದು ಕೊಟ್ಟ ರಿಯಾಯಿತಿಗಳಿಂದ ಬೊಕ್ಕಸಕ್ಕೆ ವರ್ಷಕ್ಕೆ 1 ಲಕ್ಷದ 45 ಸಾವಿರ ಕೋಟಿ ರೂಪಾಯಿ ಖೋತಾ ಎಂದು ಸರ್ಕಾರವೇ ಹೇಳಿತು. ಅದಕ್ಕೆ ‘ಉತ್ತೇಜನ’ ಎಂದು ಹೆಸರಿಟ್ಟರು. ಷೇರುಪೇಟೆ ಜಿಗಿಯಿತೆಂದು ಪರದೆಯ ಮೇಲೆ ಹಬ್ಬ ಮಾಡಿದರು. 2023ರಲ್ಲಿ ಕರ್ನಾಟಕ ಸರ್ಕಾರ ಮನೆಯ ಯಜಮಾನಿಗೆ ತಿಂಗಳಿಗೆ 2 ಸಾವಿರ ಕೊಟ್ಟಿತು. ಅದು ಬಿಟ್ಟಿ! ಸೋಪು, ಚಪ್ಪಲಿ ಕೊಂಡಾಗಲೆಲ್ಲ ತೆರಿಗೆ ಕಟ್ಟುವ ಆ ತಾಯಿ ಯಾರ ಗಂಟು ತಿಂದಳು?

ಈ ತಜ್ಞರ ಪಾಂಡಿತ್ಯವನ್ನು ನಾವು ನೋಡಿಲ್ಲವೆ? 2016ರ ನವೆಂಬರ್ 8ರ ರಾತ್ರಿ ನೋಟು ರದ್ದಾಯಿತು. ಹೊಸ 2 ಸಾವಿರದ ನೋಟಿನಲ್ಲಿ ಚಿಪ್ಪಿದೆ, ನೆಲದಾಳದಲ್ಲಿ ಹೂತಿಟ್ಟರೂ ಪತ್ತೆಯಾಗುತ್ತದೆ ಎಂದು ಟೀವಿಯಲ್ಲಿ ಚಿತ್ರ ಬರೆದು ತೋರಿಸಿದವರು ಇವರೇ. ಕಪ್ಪುಹಣ ಸುಟ್ಟು ಬೂದಿಯಾಯಿತೆಂದು ಕೂಗಿದವರು ಇವರೇ. ರದ್ದಾದ ನೋಟಿನಲ್ಲಿ ಶೇ. 99.3ರಷ್ಟು ಬ್ಯಾಂಕಿಗೆ ವಾಪಸ್ ಬಂತೆಂದು 2018ರಲ್ಲಿ ರಿಸರ್ವ್ ಬ್ಯಾಂಕೇ ಲೆಕ್ಕ ಕೊಟ್ಟಿತು. ಕೂಲಿ ಕಳಕೊಂಡು ಸಾಲಿನಲ್ಲಿ ನಿಂತ ನಮ್ಮ ಜನರ ಮುಂದೆ ‘ತಪ್ಪಾಯಿತು’ ಅಂದವರೆಷ್ಟು ಮಂದಿ?

ಅಲ್ಲಿ ಕೂತವರು ಯಾರು ಅನ್ನುವುದನ್ನೂ ಕೇಳಬೇಕು. 2019ರಲ್ಲಿ ಆಕ್ಸ್‌ಫ್ಯಾಮ್ ಇಂಡಿಯಾ ಮತ್ತು ನ್ಯೂಸ್‌ಲಾಂಡ್ರಿ ಸೇರಿ ಪತ್ರಿಕೆ, ಟೀವಿ, ಜಾಲತಾಣಗಳಲ್ಲಿ ಒಂದು ಎಣಿಕೆ ಮಾಡಿದರು. ಸುದ್ದಿಮನೆಯ 121 ಮೇಲಿನ ಕುರ್ಚಿಗಳಲ್ಲಿ 106 ಮೇಲ್ಜಾತಿಯವು. ದಲಿತರದು, ಆದಿವಾಸಿಗಳದು ಒಂದೂ ಇಲ್ಲ. ಆ ಎಣಿಕೆ ಇಂಗ್ಲಿಷು, ಹಿಂದಿಯದು. ಕನ್ನಡದ್ದು ಬೇರೆಯೇನು? ಇವತ್ತು ರಾತ್ರಿ ಟೀವಿ ಮುಂದೆ ಕೂತು ನೀವೇ ಎಣಿಸಿ.

ಹಾಗಂತ ನಾವು ಯಾವ ಸರ್ಕಾರದ ವಕಾಲತ್ತನ್ನೂ ವಹಿಸಿಲ್ಲ. 2013ರಲ್ಲಿ ಕರ್ನಾಟಕದಲ್ಲಿ ಕಾಯಿದೆ ಬಂತು: ಅಭಿವೃದ್ಧಿ ಹಣದಲ್ಲಿ ಪರಿಶಿಷ್ಟ ಜಾತಿ, ಪಂಗಡಗಳಿಗೆ ಜನಸಂಖ್ಯೆಗೆ ತಕ್ಕ ಪಾಲು, ಶೇ. 24.1. 2024-25ರಲ್ಲಿ ಆ ಪಾಲು ಸುಮಾರು 39 ಸಾವಿರ ಕೋಟಿ. ಅದರಲ್ಲಿ 14 ಸಾವಿರ ಕೋಟಿಗೂ ಹೆಚ್ಚನ್ನು ಗ್ಯಾರಂಟಿಗಳಿಗೆ ತಿರುಗಿಸಿದರು. ದಲಿತ ಹೆಣ್ಣುಮಕ್ಕಳಿಗೂ ಗ್ಯಾರಂಟಿ ಸಿಗುತ್ತದಲ್ಲ ಅನ್ನುವುದು ಅವರ ವಾದ. ಊರಿಗೆಲ್ಲ ಊರ ಹಣದಲ್ಲಿ ಊಟ, ನಮಗೆ ಮಾತ್ರ ನಮ್ಮ ಗಂಟಿನಿಂದಲೇ ಊಟವೆ? ಕೇಳಬೇಕಾದ ಪ್ರಶ್ನೆ ಇದು. ಇದು ಪರದೆಗೆ ಬಂದಾಗಲೂ ಆ ಪಕ್ಷ ಈ ಪಕ್ಷದ ಜಗಳವಾಗಿ ಬಂತು. ಸೋರುವ ಹಾಸ್ಟೆಲ್ಲಿನಲ್ಲಿ ಓದುವ ಹುಡುಗಿ ಬರಲಿಲ್ಲ. ಗಂಗಾ ಕಲ್ಯಾಣದ ಬೋರಿಗೆ ಕಾದು ಕೂತ ಮುದುಕ ಬರಲಿಲ್ಲ.

ಗೆಳೆಯರೆ, ಟೀವಿಗೆ ಬೈದು ಮಲಗಿದರೆ ಆಗದು. ಮೇಷ್ಟ್ರುಗಳೆ, ಮುಂದಿನ ಬಜೆಟ್ಟು ಬಂದಾಗ ಅದರ ಪುಸ್ತಕ ತಂದು ಕೇರಿಯ ಜಗುಲಿಯ ಮೇಲೆ ಓದಿ. ಹುಡುಗರೆ, ನಮ್ಮ ಪಾಲಿನ ಹಣ ತಾಲ್ಲೂಕಿಗೆ ಬಂದದ್ದೆಷ್ಟು, ಹೋದದ್ದೆಲ್ಲಿಗೆ ಎಂದು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಬಂದ ಉತ್ತರವನ್ನು ಎಲ್ಲರಿಗೂ ಕೇಳುವಂತೆ ಓದಿ ಹೇಳಿ. ನಮ್ಮ ಚರ್ಚೆ ಅಲ್ಲಿ ನಡೆಯಲಿ.

ಬಿಟ್ಟಿಯ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ. ಬಾಕಿ ಇರೋದು ನಮ್ಮ ಕಡೆಯಿಂದಲ್ಲ.