ಹುಟ್ಟುಹಬ್ಬ ಮಗಳದೋ, ಫ್ಲೆಕ್ಸಿನದೋ?

ಹುಲಿಗಿಗೆ ಅಮ್ಮನ ದರ್ಶನಕ್ಕೆ ಬಂದವರು ದಾರಿಯಲ್ಲಿ ನೋಡೇ ಇರ್ತೀರಿ. ಒಂದು ವರ್ಷದ ಕೂಸು. ಕಣ್ಣಿಗೆ ಕೂಲಿಂಗ್ ಗ್ಲಾಸು, ತಲೆಗೆ ಕಿರೀಟ, ಹಿಂದೆ ಬಾಯಿ ತೆರೆದ ಸಿಂಹ. ಕೆಳಗೆ 'ಶುಭ ಕೋರುವವರು' ಅಂತ ಸಾಲು ಸಾಲು ಮುಖಗಳು, ಅರ್ಧ ಜನ ಕಿವಿಗೆ ಮೊಬೈಲ್ ಹಿಡಕೊಂಡವರೇ! ಅವರಲ್ಲಿ ಯಾರಾದರೂ ಎದುರಿಗೆ ಬಂದು ಎತ್ತಿಕೊಂಡರೆ ಆ ಕೂಸು ಹೋ ಅಂತ ಅಳುತ್ತೆ. ಗುರುತಾದರೂ ಎಲ್ಲಿರಬೇಕು ಪಾಪ.

ನನ್ನ ಮಗಳಿಗೆ ಈ ತಿಂಗಳು ಮೂರು ತುಂಬುತ್ತೆ. ಮನೆಯ ಅಂಗಳದಲ್ಲೇ, ಓಣಿಯ ನಾಲ್ಕೈದು ಮಕ್ಕಳನ್ನ ಕರೆದು ಮಾಡ್ತೀವಿ ಅಂದದ್ದೇ ತಡ, ಬೀಗರು ಬಿಜ್ಜರೆಲ್ಲ ಮೈಮೇಲೆ ಬಿದ್ದರು. "ಮಂದಿ ಏನಂತಾರ? ರೊಕ್ಕ ಇಲ್ಲೇನು ನಿಮ್ಮಂತ್ಯಾಕ?" ಒಬ್ಬರಂತೂ "ಹಾಲ್ ನಾ ಬುಕ್ ಮಾಡ್ತೀನಿ, ಫ್ಲೆಕ್ಸ್ ಖರ್ಚು ನಂದು" ಅಂದರು. ಫ್ಲೆಕ್ಸ್ ಬಂದರೆ ಕಟ್ಟಿಗೆ ಒಟ್ಟಿದ ಮೇಲೆ ಹೊದಿಸ್ತೀನಿ, ಮಳೆಗಾಲಕ್ಕೆ ಅನುಕೂಲ ಅಂದೆ. ಮಾತು ಬಿಟ್ಟಿದ್ದಾರೆ :-)

ಅವರು ಹೇಳೋದರಲ್ಲಿ ಒಂದು ಮಾತು ಮಾತ್ರ ನನಗೆ ತೂಕದ್ದು ಅನಿಸುತ್ತೆ. "ನಮಗಂತೂ ಯಾರೂ ಮಾಡ್ಲಿಲ್ಲ, ನಮ್ಮ ಮಕ್ಕಳಿಗಾದ್ರೂ ಆಗ್ಲಿ." ಇದನ್ನ ನಗೆಯಾಡಿ ತಳ್ಳಿಹಾಕೋಕೆ ಆಗಲ್ಲ. ನಮ್ಮ ಕಡೆ ಹಿರಿಯರ ಆಧಾರ್ ಕಾರ್ಡ್ ತೆಗೆದು ನೋಡಿ, ಮನೆಗೊಬ್ಬರಾದರೂ ಜೂನ್ 1ಕ್ಕೆ ಹುಟ್ಟಿದವರು ಸಿಗ್ತಾರೆ. ಶಾಲೆ ಶುರುವಾಗೋ ದಿನ ಹೆಸರು ಹಚ್ಚುವಾಗ ಮಾಸ್ತರರು ಬರೆದುಕೊಂಡ ತಾರೀಖು ಅದು. ಶಾಲೆಗೇ ಹೋಗದವರಿಗೆ ಅದೂ ಇಲ್ಲ. ನಮ್ಮಜ್ಜಿಯನ್ನ ಕೇಳಿದರೆ "ಡ್ಯಾಮ್ ಕಟ್ಟೋವಾಗ ಹುಟ್ಟೀನಿ" ಅಂತಿದ್ದಳು. ತುಂಗಭದ್ರಾ ಅಣೆಕಟ್ಟಿನ ಕೆಲಸ 1945ರಲ್ಲಿ ಶುರುವಾಗಿ 1953ಕ್ಕೆ ಮುಗಿದದ್ದು. ಆ ಎಂಟು ವರ್ಷದೊಳಗೆ ಯಾವಾಗಲೋ ಒಂದು ದಿನ ನಮ್ಮಜ್ಜಿಯ ಹುಟ್ಟುಹಬ್ಬ! ಇಂಥ ಮನೆಗಳಲ್ಲಿ ಹುಟ್ಟಿದವರಿಗೆ ಮಗುವಿನ ತಾರೀಖನ್ನ ಊರಿಗೆಲ್ಲ ಕೂಗಿ ಹೇಳಬೇಕು ಅನಿಸಿದರೆ ತಪ್ಪೇನು? ಏನೂ ತಪ್ಪಿಲ್ಲ. ನನ್ನ ತಕರಾರು ಕೂಗೋದರ ಬಗ್ಗೆ ಅಲ್ಲ, ಆ ಕೂಗಿನ ಬಿಲ್ಲು ಯಾರ ಮನೆಗೆ ಹೋಗುತ್ತೆ ಅನ್ನೋದರ ಬಗ್ಗೆ.

ಬಿಲ್ಲು ಅಂದೆ. ಮುಯ್ಯಿ ಅನ್ನಿ, ಆಯಾರ ಅನ್ನಿ, ಈಗ ಅದು ಮದುವೆ, ಕುಬುಸ, ಜವಳ ದಾಟಿ ಹುಟ್ಟುಹಬ್ಬಕ್ಕೂ ಬಂದುಬಿಟ್ಟಿದೆ. ಬಾಗಿಲಲ್ಲಿ ಒಬ್ಬ ನೋಟ್‌ಬುಕ್ ಹಿಡಕೊಂಡು ಕೂತು ಯಾರು ಎಷ್ಟು ಕೊಟ್ಟರು ಅಂತ ಬರಕೋತಾನೆ. ಮುಂದೆ ಅವರ ಮನೆಯಲ್ಲಿ ಆದಾಗ ಅಷ್ಟನ್ನೋ, ಮೇಲೆ ಒಂದಿಷ್ಟು ಸೇರಿಸಿಯೋ ಹಿಂದಿರುಗಿಸಬೇಕು. ಮದುವೆ ಮನೆಗೆ ಒಮ್ಮೆ ಬಂದು ಹೋಗುತ್ತೆ. ಹುಟ್ಟುಹಬ್ಬ ವರ್ಷ ವರ್ಷ ಬರುತ್ತಲ್ಲ ಸ್ವಾಮಿ! ಮೂರು ಮಕ್ಕಳಿದ್ದರೆ ವರ್ಷಕ್ಕೆ ಮೂರು. ಹುಲಿಗಿಯಲ್ಲಿ ಗುಡಿ ಮುಂದೆ ಹೂವು, ಕಾಯಿ, ಬಳೆ ಮಾರಿ ಬದುಕೋ ಹೆಣ್ಣುಮಕ್ಕಳು ಎಷ್ಟಿದ್ದಾರೆ ಅಂತ ಬಂದವರಿಗೆ ಗೊತ್ತು. ಮಂಗಳವಾರ, ಶುಕ್ರವಾರ, ಹುಣ್ಣಿಮೆ ಅವರ ದುಡಿಮೆಯ ದಿನ. ಆ ದುಡ್ಡಿನಲ್ಲಿ ಎದುರು ಮನೆಯ ಮಗುವಿನ 'ಬರ್ತ್‌ಡೇ'ಗೆ ನೂರೋ ಇನ್ನೂರೋ ತೆಗೆದಿಡಬೇಕು. ಆಗದಿದ್ದರೆ? ಮಗುವನ್ನ ಕಳಿಸೋದೇ ಇಲ್ಲ. ಪೆಂಡಾಲಿನ ಆಚೆ ನಿಂತು ಬಲೂನು ನೋಡ್ತಾ ಇರೋ ಮಕ್ಕಳನ್ನ ನಾನು ನೋಡಿದ್ದೀನಿ. ಒಳಗೆ ಕೇಕ್ ಕತ್ತರಿಸ್ತಿರೋ ಮಗುವಿನ ಜೊತೆ ದಿನಾ ಮಣ್ಣಲ್ಲಿ ಆಡೋವೇ ಅವು. ಆಟದ ಗೆಳೆಯ ಹೊರಗೆ, ಗುತ್ತಿಗೆದಾರರು ಒಳಗೆ. ಇದೆಂಥ ಮಕ್ಕಳ ಹಬ್ಬ?

ಇನ್ನು ಮಾಡೋರ ಕಥೆ. ಸಂಘದ ಸಾಲ ಎತ್ತಿ ಹುಟ್ಟುಹಬ್ಬ ಮಾಡಿದವರು ನಮ್ಮ ಓಣಿಯಲ್ಲೇ ಇದ್ದಾರೆ. ಮೈಕ್ರೋಫೈನಾನ್ಸ್ ವಸೂಲಿಯವರ ಕಾಟ ತಾಳಲಾರದೆ ಜನ ಊರು ಬಿಟ್ಟು, ಜೀವ ಕಳಕೊಂಡು, ಕೊನೆಗೆ 2025ರ ಫೆಬ್ರವರಿಯಲ್ಲಿ ಸರ್ಕಾರವೇ ಸುಗ್ರೀವಾಜ್ಞೆ ತರಬೇಕಾಯ್ತು. ಆ ಸಾಲಗಳೆಲ್ಲ ಹುಟ್ಟುಹಬ್ಬಕ್ಕೆ ಮಾಡಿದ್ದು ಅಂತ ನಾನು ಹೇಳ್ತಿಲ್ಲ. ಆದರೆ ವಾರದ ಕಂತು ಕಟ್ಟೋ ಮನೆಯಲ್ಲಿ ಎರಡು ಗಂಟೆಯ ಡಿಜೆಗೆ ಜಾಗ ಇಲ್ಲ ಅನ್ನೋದಕ್ಕೆ ಲೆಕ್ಕಪತ್ರ ಬೇಕಾ?

ಸರಿ, ಖರ್ಚು ಮಾಡಿದ್ದಕ್ಕೆ ಮಗುವಿಗಾದರೂ ಖುಷಿ ಆಗುತ್ತಾ ಅಂದರೆ ಅದೂ ಇಲ್ಲ. ರಾತ್ರಿ ಎಂಟಕ್ಕೆ ಅಂತ ಕರೀತಾರೆ, ಮುಖ್ಯ ಅತಿಥಿ ಒಂಬತ್ತೂವರೆಗೆ ಬರ್ತಾರೆ. ಅಷ್ಟರಲ್ಲಿ ಹುಟ್ಟುಹಬ್ಬದ ಮಗು ಜರಿ ಫ್ರಾಕು ಚುಚ್ಚಿ ಚುಚ್ಚಿ ಅತ್ತು, ಅಮ್ಮನ ಹೆಗಲ ಮೇಲೆ ಮಲಗಿಬಿಟ್ಟಿರುತ್ತೆ. ಅದನ್ನ ಎಬ್ಬಿಸಿ, ಕೈ ಹಿಡಿದು ಚಾಕು ಹಿಡಿಸಿ, ಫೋಟೋ! ಆ ಕ್ಷಣಕ್ಕೇ ಯಾರೋ ಸ್ನೋ ಸ್ಪ್ರೇ ಹೊಡೀತಾರೆ. ಆ ಡಬ್ಬಿಯೊಳಗೆ ಹತ್ತಿ ಉರಿಯೋ ಅನಿಲ ಇರುತ್ತೆ, ಎದುರಿಗೆ ಮೇಣದಬತ್ತಿ ಉರೀತಿರುತ್ತೆ. ಗ್ಯಾಸ್ ಬಲೂನೂ ಅಷ್ಟೇ. ಹೀಲಿಯಂ ದುಬಾರಿ ಅಂತ ಹೈಡ್ರೋಜನ್ ತುಂಬಿ ಮಾರೋದು ನಮ್ಮಲ್ಲಿ ಮಾಮೂಲು, ಕಿಡಿ ತಾಗಿದರೆ ಭಗ್ ಅನ್ನುತ್ತೆ. ಬಾಯಿಂದ ಊದೋ ಸಾದಾ ಬಲೂನು ಒಡೆದಾಗಲೂ ಚೂರುಗಳನ್ನ ಆಗಲೇ ಆರಿಸಬೇಕು. ಮೂರು ವರ್ಷದ ಮಕ್ಕಳು ಅದನ್ನ ಬಾಯಿಗೆ ಹಾಕಿಕೊಂಡರೆ ಉಸಿರುಗಟ್ಟುತ್ತೆ.

ಕೇಕಿನ ವಿಷಯಕ್ಕೆ ಇನ್ನೊಂದು ಪಡೆ ಇದೆ. "ದೀಪ ಆರಿಸೋದು ನಮ್ಮ ಸಂಸ್ಕೃತಿ ಅಲ್ಲ, ಆರತಿ ಮಾಡಿ" ಅನ್ನೋರು. ಆರತಿ ನಾವೂ ಮಾಡ್ತೀವಿ, ಬೆಳಿಗ್ಗೆ ಎಣ್ಣೆ ಹಚ್ಚಿ ಎರೆದು ಅಜ್ಜಿಯೇ ಮಾಡ್ತಾಳೆ. ಆದರೆ ಈ ಸಂಸ್ಕೃತಿಯವರು ಫ್ಲೆಕ್ಸಿನ ಬಗ್ಗೆ, ಮುಯ್ಯಿ ನೋಟ್‌ಬುಕ್ಕಿನ ಬಗ್ಗೆ ಚಕಾರ ಎತ್ತಲ್ಲ. ಒಂದು ಮೇಣದಬತ್ತಿಗೆ ಅಲುಗಾಡೋ ಸಂಸ್ಕೃತಿ ಐವತ್ತು ಸಾವಿರದ ಪೆಂಡಾಲಿಗೆ ಗಟ್ಟಿಯಾಗಿ ನಿಲ್ಲುತ್ತಾ? ಕೇಕ್ ಬಗ್ಗೆ ನನ್ನ ಚಿಂತೆ ಬೇರೆ. 2024ರಲ್ಲಿ ರಾಜ್ಯದ ಆಹಾರ ಸುರಕ್ಷತಾ ಇಲಾಖೆ ಬೇಕರಿಗಳ 235 ಕೇಕ್ ಮಾದರಿ ಪರೀಕ್ಷಿಸಿದಾಗ 12ರಲ್ಲಿ ಕೃತಕ ಬಣ್ಣ ಅಪಾಯದ ಮಟ್ಟಕ್ಕಿತ್ತು. ಅದೇ ವರ್ಷ ಮಾರ್ಚಿನಲ್ಲಿ ಜಾತ್ರೆಯ ಬೊಂಬಾಯಿ ಮಿಠಾಯಿಗೆ ಹಾಕ್ತಿದ್ದ ರೋಡಮಿನ್-ಬಿ ಬಣ್ಣವನ್ನೂ ನಿಷೇಧಿಸಿದರು. ಉಳಿದ 223 ಚೆನ್ನಾಗೇ ಇದ್ದವು, ಹೆದರಿಸೋಕೆ ಹೇಳ್ತಿಲ್ಲ. ಆದರೆ ಮಗು ತಿಂದ ಮೇಲೆ ನಾಲಿಗೆ ನೀಲಿ ಆಗೋ ಕೇಕು ನಮಗ್ಯಾಕೆ? ರವೆ, ಬೆಲ್ಲ, ಮೊಸರು ಹಾಕಿ ಕುಕ್ಕರಿನಲ್ಲೇ ಮಾಡಬಹುದು. ಉಬ್ಬದಿದ್ದರೆ ಅದೂ ರುಚಿಯೇ.

ಮತ್ತೆ ಫ್ಲೆಕ್ಸಿಗೆ ಬರ್ತೀನಿ, ಬಿಡೋ ಹಾಗಿಲ್ಲ ಅದನ್ನ. ಕರ್ನಾಟಕದಲ್ಲಿ 2016ರ ಮಾರ್ಚಿನಿಂದಲೇ ಪ್ಲಾಸ್ಟಿಕ್ ಫ್ಲೆಕ್ಸು, ತಟ್ಟೆ, ಲೋಟ, ಥರ್ಮಾಕೋಲು ನಿಷೇಧ. 2022ರ ಜುಲೈ 1ರಿಂದ ದೇಶಕ್ಕೆಲ್ಲ ಬಂದ ನಿಯಮದಲ್ಲಂತೂ ಬಲೂನಿನ ಪ್ಲಾಸ್ಟಿಕ್ ಕಡ್ಡಿ, ಅಲಂಕಾರದ ಥರ್ಮಾಕೋಲು ಅಂತ ಹೆಸರು ಹಿಡಿದೇ ಬರೆದಿದ್ದಾರೆ. ಹುಟ್ಟುಹಬ್ಬದ ಮಂಟಪ ನೋಡಿಯೇ ಪಟ್ಟಿ ಮಾಡಿದ ಹಾಗಿದೆ! ಮರುದಿನ ಅದೆಲ್ಲ ಎಲ್ಲಿಗೆ ಹೋಗುತ್ತೆ? ಗಟಾರಕ್ಕೆ, ಗಟಾರದಿಂದ ಹೊಳೆಗೆ. ಭಕ್ತರು ಬಿಟ್ಟು ಹೋಗೋದನ್ನೇ ಹೊಳೆ ಹೊರಲಾರದೆ ಇದೆ, ಅದರ ಮೇಲೆ ನಮ್ಮ ಮಕ್ಕಳ ಕಿರೀಟ ಬೇರೆ.

ನಮ್ಮ ಲೆಕ್ಕ ಇಷ್ಟು. ತಾರೀಖು ಮಂಗಳವಾರ ಬಿದ್ದಿದೆ. ಆವತ್ತು ಊರ ತುಂಬಾ ಗಾಡಿ, ಹೂವು ಮಾರೋರಿಗೆ ಪುರುಸೊತ್ತಿಲ್ಲ. ಅದಕ್ಕೆ ಬುಧವಾರ. ಸಂಜೆ ನಾಲ್ಕೂವರೆಗೆ ಶುರು, ಆರಕ್ಕೆ ಮುಗೀತು. ಮೂರು ವರ್ಷದವರಿಗೆ ಅದಕ್ಕಿಂತ ಹೆಚ್ಚು ತಾಳ್ಮೆ ಇರಲ್ಲ, ನಮಗೂ. ಬಾಯಿಮಾತಿನ ಕರೆ, ಕೈಬೀಸಿ ಬರಬೇಕು ಅಂತ ಷರತ್ತು. ಆಟಕ್ಕೆ ಒಂದು ಬುಟ್ಟಿ ಮರಳು, ಒಂದು ಬಕೀಟು ನೀರು, ಪಕ್ಕದಲ್ಲಿ ದೊಡ್ಡವರೊಬ್ಬರು. ತಿನ್ನೋಕೆ ಗೋಧಿ ಹುಗ್ಗಿ, ಬಾಳೆಹಣ್ಣು, ಖಾರ ಇಲ್ಲದ ಮಂಡಕ್ಕಿ ಒಗ್ಗರಣೆ. ಅದರಲ್ಲಿ ಇಡೀ ಶೇಂಗಾ ಹಾಕಲ್ಲ, ಸಣ್ಣವರ ಗಂಟಲಿಗೆ ಸಿಕ್ಕಿಕೊಳ್ಳುತ್ತೆ. ದೊಡ್ಡವರಿಗೆ ಮಿರ್ಚಿ ಉಂಟು, ಅದಿಲ್ಲದಿದ್ದರೆ ಕೊಪ್ಪಳ ಜಿಲ್ಲೆಯಲ್ಲಿ ಯಾರೂ ಕ್ಷಮಿಸಲ್ಲ. ಉಡುಗೊರೆ ಅಂತ ನಾವು ತರೋದು ಒಂದೇ, ಕಿನ್ನಾಳದ ಒಂದು ಮರದ ಗೊಂಬೆ. ನಮ್ಮದೇ ತಾಲೂಕಿನ ಚಿತ್ರಗಾರರು ತಲೆತಲಾಂತರದಿಂದ ಮಾಡ್ತಾ ಬಂದದ್ದು, ಭೌಗೋಳಿಕ ಗುರುತೂ ಸಿಕ್ಕಿದೆ. ಅದನ್ನ ಬಿಟ್ಟು ಎರಡು ದಿನಕ್ಕೆ ಚಕ್ರ ಕಳಚೋ ಕಾರು ತರೋದರಲ್ಲಿ ಏನು ಗಮ್ಮತ್ತು ಅಂತ ನನಗೆ ಇವತ್ತಿಗೂ ತಿಳಿದಿಲ್ಲ.

ಎದುರು ಮನೆಯ ಹೂವಿನಾಕಿಗೆ ಹೇಳೋಕೆ ಹೋಗಿದ್ದೆ. "ಏನರ ತರಬೇಕಲ್ರೀ, ಬರಿಗೈಲೆ ಹೆಂಗ ಬರೂದು" ಅಂತ ಮುಖ ಸಣ್ಣ ಮಾಡಿದಳು. ಮಕ್ಕಳಿಗೆ ಅಂಗಳದಲ್ಲಿ ಗುಡಿಸಲು ಕಟ್ಟಬೇಕು, ಬಣ್ಣದ ಹಳೆ ಸೀರೆ ಇದ್ದರೆ ಒಂದು ದಿನದ ಮಟ್ಟಿಗೆ ಕೊಡಿ, ಸಂಜೆ ಮಡಚಿ ವಾಪಸ್ ಕೊಡ್ತೀನಿ ಅಂದೆ. ಒಳಗೆ ಹೋಗಿ ಮೂರು ತಂದು ಕೈಯಲ್ಲಿಟ್ಟಳು.