ಇಪ್ಪತ್ತೊಂದನೇ ಗಂಟೆ ಯಾರದು?



"ವಾರಕ್ಕೆ ಇಪ್ಪತ್ತೇ ಗಂಟೆ ಕೆಲಸ ಅಂತ ವೀಸಾ ಕೊಡುವಾಗಲೇ ಹೇಳಿರ್ತಾರಲ್ಲ, ಗೊತ್ತಿದ್ದೂ ಯಾಕೆ ಮುರೀತಾರೆ?" ಮಗನನ್ನು ಬ್ರಿಟನ್ನಿಗೆ ಓದೋಕೆ ಕಳಿಸಿರೋ ಒಬ್ಬರು ಮೊನ್ನೆ ಕೇಳಿದರು. ಆ ಮಗನ ಫೀಸು, ಬಾಡಿಗೆ ಎಲ್ಲಾ ಅಪ್ಪ ಸೈಟು ಮಾರಿದ ದುಡ್ಡು. ಮಾರೋಕೆ ಸೈಟು ಇದ್ದವರಿಗೆ ಕಾನೂನು ಪಾಲಿಸೋದು ಸುಲಭ ಸ್ವಾಮಿ.

ನಾನು ಕೂಲಿ ಮಾಡೋ ಅವ್ವನ ಮಗ. ಸ್ಕಾಲರ್‌ಶಿಪ್ ನಂಬಿ ಅಲ್ಲಿಗೆ ಎಂ.ಎ. ಓದೋಕೆ ಹೋದೆ. ಎರಡನೇ ಕಂತು ಐದು ತಿಂಗಳು ಬರಲಿಲ್ಲ. ಫೋನ್ ಮಾಡಿದರೆ "ಫೈಲು ಮೇಲಿನ ಟೇಬಲ್‌ನಲ್ಲಿದೆ". ಬಾಡಿಗೆ ಕೇಳೋಕೆ ಬಂದವನಿಗೆ ಫೈಲು ತೋರಿಸೋಕಾಗುತ್ತಾ? ನಮ್ಮ ದೇಶದವರದೇ ಹೋಟೆಲ್ ಸೇರಿದೆ. ಇಪ್ಪತ್ತು ಗಂಟೆ ಲೆಕ್ಕದಲ್ಲಿ, ಇನ್ನು ಹದಿನೈದು ಗಂಟೆ ಲೆಕ್ಕವಿಲ್ಲದೆ, ಅರ್ಧ ಕೂಲಿಗೆ. ಜಗಳ ಆಡಿದಾಗ ಮಾಲೀಕ ನಕ್ಕ: "ಹೋಗು, ಕಂಪ್ಲೇಂಟ್ ಕೊಡು. ಮೊದಲು ಹೋಗೋದು ನಿನ್ನ ವೀಸಾನೇ." ಸೇರಿದ ದಿನವೇ ನನ್ನ ಸರ್‌ನೇಮ್, ಅಪ್ಪನ ಕೆಲಸ ಕೆದಕಿದ್ದ. ಮಾರನೇ ದಿನದಿಂದ ಪಾತ್ರೆ ತೊಳೆಯೋ ಸಿಂಕೇ ನನ್ನ ಜಾಗ. ಜಾತಿ ತಾರತಮ್ಯವನ್ನು ಸಮಾನತೆ ಕಾಯ್ದೆಯಲ್ಲಿ ಸೇರಿಸಬೇಕೆಂದು ಅಲ್ಲಿನ ಪಾರ್ಲಿಮೆಂಟು 2013ರಲ್ಲೇ ಹೇಳಿತ್ತು. 2018ರಲ್ಲಿ ಸರ್ಕಾರ ಕೈಬಿಟ್ಟಿತು.

ಈಗ ಅವರದೇ ಲೆಕ್ಕ ನೋಡಿ. 2025ರ ಏಪ್ರಿಲ್‌ನಲ್ಲಿ 21 ದಾಟಿದವರಿಗೆ ಗಂಟೆಗೆ ಕನಿಷ್ಠ ಕೂಲಿ 12.21 ಪೌಂಡ್. ನಾಲ್ಕು ವಾರ ನಿಯಮದ ಪ್ರಕಾರ ದುಡಿದರೆ 976 ಪೌಂಡ್ ಚಿಲ್ಲರೆ. ಲಂಡನ್ನಿನಲ್ಲಿ ಬದುಕೋಕೆ ತಿಂಗಳಿಗೆ ಬೇಕು ಅಂತ ಆಗ ವೀಸಾಕ್ಕೆ ತೋರಿಸಬೇಕಿದ್ದದ್ದು 1,483. ಫೀಸು ಬೇರೆ! "ಅಲ್ಲೇ ದುಡ್ಕೊಂಡು ಓದಬಹುದು" ಅನ್ನೋ ಏಜೆಂಟರು ಈ ಲೆಕ್ಕ ಹೇಳಲ್ಲ. ಈ ವಾರ ಹತ್ತು ಗಂಟೆ, ಮುಂದಿನ ವಾರ ಮೂವತ್ತು ಅನ್ನೋ ಹಾಗೂ ಇಲ್ಲ. ಬೈಕಿನಲ್ಲಿ ಡೆಲಿವರಿ ಮಾಡಿದರೆ ಅದು ಸ್ವಂತ ಉದ್ಯೋಗ, ಅದೂ ನಿಷೇಧ.

ಬರೋಡದ ವಿದ್ಯಾರ್ಥಿವೇತನ ಮುಗಿದು 1917ರಲ್ಲಿ ಬಾಬಾಸಾಹೇಬರು ಲಂಡನ್ನಿನ ಓದು ಅರ್ಧಕ್ಕೆ ಬಿಟ್ಟು ಬಂದರು. ಮತ್ತೆ ಹೋಗಲು 1920 ಆಯಿತು. ನೂರು ವರ್ಷ ದಾಟಿದರೂ ನಮ್ಮ ಮಕ್ಕಳ ಓದು ಕಂತಿನ ಮೇಲೇ ನಿಂತಿದೆ.

ಹಾಗಾಗಿ ಕೇಳೋದು ಎರಡೇ. ಸ್ಕಾಲರ್‌ಶಿಪ್ ಕಂತು ಟರ್ಮ್ ಶುರುವಾಗೋ ಮುಂಚೆ ಕೈ ಸೇರಬೇಕು. ಕೂಲಿ ಕದ್ದ ಮಾಲೀಕನ ಮೇಲೆ ದೂರು ಕೊಟ್ಟ ವಿದ್ಯಾರ್ಥಿಯ ವೀಸಾ ಮುಟ್ಟಬಾರದು.

ಹೊರಟಿರೋ ತಮ್ಮ ತಂಗಿಯರೇ, ಇಪ್ಪತ್ತೊಂದನೇ ಗಂಟೆಗೆ ಕೈ ಹಾಕೋ ಮುಂಚೆ ನಮಗೊಂದು ಫೋನ್ ಮಾಡಿ. ಚಂದಾ ಎತ್ತಿಯಾದರೂ ಬಾಡಿಗೆ ಕಟ್ಟೋಣ. ಆ ಗಂಟೆ ಮಾಲೀಕನದು, ನಿಮ್ಮದಲ್ಲ.

ಜೈಭೀಮ್.